ಎರಡನೇ ಹಾರ್ಡ್ ಡಿಸ್ಕ್ ಕೈಕೊಡುತ್ತಿದೆಯೇ? ಡೇಟಾ ಉಳಿಸಿಕೊಳ್ಳಲು 10 ಸೂತ್ರಗಳು

ವಿಂಡೋಸ್ ಒಂದು ಡಿಸ್ಕ್‌ನಲ್ಲಿ. ಮದುವೆ ವಿಡಿಯೋ, ಮಕ್ಕಳ ಫೋಟೋ, ಅಂಗಡಿಯ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿಟ್ಟ ಪುಸ್ತಕ ಎಲ್ಲ ಇನ್ನೊಂದರಲ್ಲಿ. ಎಷ್ಟೋ ಮನೆ, ಸ್ಟುಡಿಯೋ, ಡಿಟಿಪಿ ಅಂಗಡಿಗಳ ಡೆಸ್ಕ್‌ಟಾಪ್ ಹೀಗೇ ಇರುತ್ತದೆ. ಮೊದಲನೇ ಡಿಸ್ಕ್ ಕೆಟ್ಟರೆ ಕಂಪ್ಯೂಟರೇ ಏಳುವುದಿಲ್ಲ, ನಾವು ತಕ್ಷಣ ಎಚ್ಚೆತ್ತುಕೊಳ್ಳುತ್ತೇವೆ. ಎರಡನೆಯದು ಕೆಡುವಾಗ ಹಾಗಲ್ಲ. ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ, ಡ್ರೈವ್ ಮಾಯವಾಗಿ ಮತ್ತೆ ಬರುತ್ತದೆ, ಕಂಪ್ಯೂಟರ್ ಆನ್ ಆಗುವುದು ನಿಧಾನವಾಗುತ್ತದೆ. ಹೇಗೋ ಕೆಲಸ ನಡೆಯುತ್ತಿದೆಯಲ್ಲ ಎಂದು ದಿನ ತಳ್ಳುತ್ತೇವೆ. ಡಿಸ್ಕ್ ಅಂಗಡಿಯಲ್ಲಿ ಸಿಗುತ್ತದೆ, ಅದರೊಳಗಿದ್ದದ್ದು ಸಿಗುವುದಿಲ್ಲ. ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

1. ಅದು ನಿಜಕ್ಕೂ ಎರಡನೇ ಡಿಸ್ಕೇ, ನೋಡಿ
ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿಕೊಡುವುದು ನಮ್ಮಲ್ಲಿ ವಾಡಿಕೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಅದರ ಕೆಳಭಾಗದಲ್ಲಿ ಸಿ ಮತ್ತು ಡಿ ಒಂದೇ ಸಾಲಿನಲ್ಲಿದ್ದರೆ ಇರುವುದು ಒಂದೇ ಡಿಸ್ಕ್. ಅದು ಹೋದರೆ ಎರಡೂ ಹೋಗುತ್ತವೆ. ಬೇರೆ ಬೇರೆ ಸಾಲಿನಲ್ಲಿದ್ದರೆ ನಿಮ್ಮ ಅದೃಷ್ಟ: ವಿಂಡೋಸ್ ಗಟ್ಟಿಯಾಗಿರುವಾಗಲೇ ಎರಡನೆಯದನ್ನು ಪರೀಕ್ಷಿಸಬಹುದು.

2. ಮೊದಲು ಕಿವಿಗೊಡಿ
ಡಿಸ್ಕ್‌ನಿಂದ ಲಯಬದ್ಧವಾಗಿ 'ಟಕ್, ಟಕ್' ಸದ್ದು ಬರುತ್ತಿದೆಯೇ? ಕರಕರ ಎಂದು ಕೆರೆಯುತ್ತಿದೆಯೇ? ಹಾಗಿದ್ದರೆ ಕಂಪ್ಯೂಟರನ್ನು ಈಗಲೇ ಆಫ್ ಮಾಡಿ. ಓದುವ ಹೆಡ್‌ಗೆ ಏಟಾಗಿರಬಹುದು. ತಟ್ಟೆಯ ಮೇಲೆ ಅದು ಉಜ್ಜುತ್ತಾ ಹೋದಷ್ಟೂ ಡೇಟಾ ಅಳಿಯುತ್ತದೆ. ಆ ಡೇಟಾ ಬೇಕೇ ಬೇಕೆಂದರೆ ಸ್ವಂತ ಪ್ರಯತ್ನ ಬಿಟ್ಟು ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡಿ. ಫ್ರೀಜರ್‌ನಲ್ಲಿಟ್ಟು ತೆಗೆಯುವುದು, ಸ್ಕ್ರೂ ಬಿಚ್ಚಿ ಒಳಗೆ ನೋಡುವುದು ಎರಡೂ ಬೇಡ. ಹೆಡ್ ಮತ್ತು ತಟ್ಟೆಯ ನಡುವಿನ ಅಂತರ ಧೂಳಿನ ಕಣಕ್ಕಿಂತಲೂ ಕಡಿಮೆ.

3. ಸದ್ದಿಲ್ಲವೇ? ಮೊದಲು ಕಾಪಿ, ಆಮೇಲೆ ರಿಪೇರಿ
ಆ ಡ್ರೈವ್‌ಗೆ ಹೊಸದಾಗಿ ಏನನ್ನೂ ಹಾಕಬೇಡಿ. ಡೌನ್‌ಲೋಡ್ ಫೋಲ್ಡರ್ ಅಲ್ಲಿದ್ದರೆ ಸಿ ಡ್ರೈವ್‌ಗೆ ಬದಲಿಸಿ. ಇನ್ನೊಂದು ಡಿಸ್ಕ್ ತಂದು ಫೈಲುಗಳನ್ನು ಎತ್ತಿಕೊಳ್ಳಿ. ಇಡೀ ಡ್ರೈವನ್ನು ಒಟ್ಟಿಗೆ ಕಾಪಿ ಕೊಡಬೇಡಿ. ಮತ್ತೆ ಸಿಗದ ಫೋಟೋ, ದಾಖಲೆ ಮೊದಲು, ಸಿನಿಮಾ ಕೊನೆಗೆ. ವಿಂಡೋಸ್‌ನ ರೋಬೋಕಾಪಿ ಬಳಸುವವರು ಮರುಪ್ರಯತ್ನದ ಸಂಖ್ಯೆಯನ್ನು 1ಕ್ಕೆ ಇಳಿಸಿಕೊಳ್ಳಿ. ಸುಮ್ಮನೆ ಬಿಟ್ಟರೆ ಅದು ಓದಲಾಗದ ಒಂದು ಫೈಲಿಗಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಅಷ್ಟರಲ್ಲಿ ಡಿಸ್ಕೇ ಇರುವುದಿಲ್ಲ.

4. ಡಿಸ್ಕನ್ನು ಬೈಯುವ ಮುಂಚೆ ಕೇಬಲ್ ಬದಲಿಸಿ
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸಾಯುತ್ತಿರುವ ಡಿಸ್ಕ್ ತೋರುವ ಲಕ್ಷಣಗಳನ್ನೇ ಸಡಿಲವಾದ ಸಾಟಾ ಕೇಬಲ್ ಕೂಡ ತೋರಿಸುತ್ತದೆ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕಾರ್ಡ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆಯಿರಿ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ. ಮೈಯಲ್ಲಿನ ಸ್ಥಾಯೀ ವಿದ್ಯುತ್ ಇಳಿಯಲಿ. ಡಿಸ್ಕ್‌ನ ಹಿಂಬದಿಗೆ ಎರಡು ಕೇಬಲ್ ಬಂದಿರುತ್ತವೆ: 7 ಪಿನ್ನಿನ ಕಿರಿದಾದದ್ದು ಡೇಟಾ, 15 ಪಿನ್ನಿನ ಅಗಲವಾದದ್ದು ಪವರ್. ಎರಡನ್ನೂ ನೇರವಾಗಿ ಎಳೆದು ತೆಗೆದು, ಮತ್ತೆ ಪೂರ್ತಿ ಕೂರುವಂತೆ ಒತ್ತಿ. ಒಳಗಿನ ತುದಿ ಇಂಗ್ಲಿಷಿನ ಎಲ್ ಆಕಾರದಲ್ಲಿದೆ, ತಿರುಗಾಮುರುಗಾ ಹೋಗುವುದಿಲ್ಲ. ಬಲವಂತ ಮಾಡಿದರೆ ಪ್ಲಾಸ್ಟಿಕ್ ಮುರಿಯುತ್ತದೆ. ಆಮೇಲೆ ಹೊಸ ಡೇಟಾ ಕೇಬಲ್ ಹಾಕಿ, ಮದರ್‌ಬೋರ್ಡಿನ ಬೇರೆ ಪೋರ್ಟ್‌ಗೆ ಜೋಡಿಸಿ. ಒಂದೇ ಸ್ಪ್ಲಿಟರ್‌ನಿಂದ ಎರಡು ಮೂರು ಡಿಸ್ಕ್‌ಗೆ ಪವರ್ ಹೋಗುತ್ತಿದ್ದರೆ ಸ್ಪ್ಲಿಟರ್ ತೆಗೆದು, ಎಸ್‌ಎಂಪಿಎಸ್‌ನಿಂದ ನೇರ ಕೊಡಿ. ತಿರುಗಲು ಶುರುವಾಗುವ ಹೊತ್ತಿನಲ್ಲಿ ಡಿಸ್ಕ್‌ಗೆ ಹೆಚ್ಚು ಕರೆಂಟ್ ಬೇಕು.

5. ಬಯಾಸ್‌ನಲ್ಲಿ ಹೆಸರಿದೆಯೇ ನೋಡಿ
ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿದರೆ ಸಾಮಾನ್ಯವಾಗಿ ಬಯಾಸ್ ತೆರೆಯುತ್ತದೆ. ಅಲ್ಲಿ ಡಿಸ್ಕ್‌ನ ಹೆಸರಿದ್ದು ವಿಂಡೋಸ್‌ನಲ್ಲಿ ಕಾಣದಿದ್ದರೆ ತೊಂದರೆ ಬಹುಶಃ ಫಾರ್ಮ್ಯಾಟ್ ಅಥವಾ ಡ್ರೈವ್ ಅಕ್ಷರದ್ದು. ಅಲ್ಲೂ ಇಲ್ಲವೆಂದರೆ ಕೇಬಲ್, ಪೋರ್ಟ್, ಪವರ್ ಅಥವಾ ಡಿಸ್ಕ್‌ನದು. ಹೊಸದಾಗಿ ಎಂ.2 ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೇ ಡಿಸ್ಕ್ ಕಾಣೆಯಾಯಿತೇ? ಹಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿ ಬಂದ್ ಆಗುತ್ತವೆ. ಪೋರ್ಟ್ ಬದಲಿಸಿದರೆ ಸಾಕು.

6. 'ಇನಿಷಿಯಲೈಸ್', 'ಫಾರ್ಮ್ಯಾಟ್' ಎಂದರೆ ಕ್ಯಾನ್ಸಲ್ ಒತ್ತಿ
ಡಿಸ್ಕ್ ಓದಲಾಗದಿದ್ದಾಗ ವಿಂಡೋಸ್ ಹೀಗೆ ಕೇಳುವುದು ಸಹಜ. ಅದು ಸಲಹೆಯಂತೆ ಕಂಡರೂ ಒಪ್ಪಿದರೆ ಡಿಸ್ಕ್ ಮೇಲೆ ಹೊಸದಾಗಿ ಬರೆಯುತ್ತದೆ, ಹಳೆಯದನ್ನು ಹುಡುಕುವುದು ಕಷ್ಟವಾಗುತ್ತದೆ. ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರ ಕೊಡಿ; ಅದರಿಂದ ಫೈಲುಗಳಿಗೆ ಏನೂ ಆಗುವುದಿಲ್ಲ.

7. ನಾಲ್ಕು ಅಂಕಿ ಓದಲು ಕಲಿಯಿರಿ
ಪ್ರತಿ ಡಿಸ್ಕ್ ತನ್ನ ಆರೋಗ್ಯವನ್ನು 'ಸ್ಮಾರ್ಟ್' ಎಂಬ ಪಟ್ಟಿಯಲ್ಲಿ ತಾನೇ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಮೇಲಿನ 'ಗುಡ್' ಎಂಬ ಒಂದೇ ಪದಕ್ಕೆ ಸಮಾಧಾನಪಡದೆ ಈ ಸಾಲುಗಳ ಕೊನೆಯ ಕಚ್ಚಾ ಅಂಕಿ ನೋಡಿ:
- 05: ಕೆಟ್ಟುಹೋಗಿ, ಮೀಸಲು ಜಾಗಕ್ಕೆ ವರ್ಗವಾದ ಸೆಕ್ಟರ್‌ಗಳು.
- ಸಿ5: ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು.
- ಸಿ6: ಸರಿಪಡಿಸಲಾಗದ ಸೆಕ್ಟರ್‌ಗಳು.
- ಸಿ7: ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಡೇಟಾ ಕೆಟ್ಟ ಸಲಗಳು.

ಮೊದಲ ಮೂರು ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ. ಸಿ7 ಒಂದೇ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ಲಿನ ತಪ್ಪು. ಕೇಬಲ್ ಬದಲಿಸಿದರೂ ಸಿ7 ಸೊನ್ನೆಗೆ ಇಳಿಯುವುದಿಲ್ಲ. ಅಂಕಿ ಬರೆದಿಟ್ಟುಕೊಂಡು, ವಾರದ ನಂತರ ಅಷ್ಟೇ ಇದೆಯೇ ನೋಡಿ. ಈ ಕಚ್ಚಾ ಅಂಕಿಗಳು ಮೊದಲಿಗೆ ಹೆಕ್ಸ್ ಪದ್ಧತಿಯಲ್ಲಿ ಕಾಣುತ್ತವೆ: 10 ಎಂದಿದ್ದರೆ ಅದು ಹದಿನಾರು.

ಈ ಎಚ್ಚರಿಕೆಯನ್ನು ಹಗುರವಾಗಿ ಕಾಣಬೇಡಿ. 2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ತಟ್ಟೆಯನ್ನು ತಾನೇ ಪರಿಶೀಲಿಸುವಾಗ ಮೊದಲ ದೋಷ (ಸ್ಕ್ಯಾನ್ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ. 36ಕ್ಕೂ ಹೆಚ್ಚಿನವು ತಾಪಮಾನ ಬಿಟ್ಟು ಸ್ಮಾರ್ಟ್‌ನ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಅಂಕಿ ಕೆಟ್ಟಿದ್ದರೆ ನಂಬಿ. ಚೆನ್ನಾಗಿದ್ದರೆ ಪೂರ್ತಿ ನಂಬಬೇಡಿ.

8. ಚೆಕ್‌ಡಿಸ್ಕ್ ಕೊನೆಗಿರಲಿ
ಗೊತ್ತಿದ್ದವರು ಮೊದಲು ಹೇಳುವ ಮದ್ದು ಇದೇ. ಆದರೆ ವಿಂಡೋಸ್‌ನ ಈ ಚೆಕ್‌ಡಿಸ್ಕ್ ಸರಿಪಡಿಸುವುದು ಫೈಲ್ ವ್ಯವಸ್ಥೆಯನ್ನು, ಡಿಸ್ಕ್‌ನ ಯಂತ್ರವನ್ನಲ್ಲ. ಕೆಟ್ಟ ಸೆಕ್ಟರ್ ಹುಡುಕುವ ಆಯ್ಕೆ ಕೊಟ್ಟರೆ ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ. ಬಳಲಿದ ಡಿಸ್ಕ್ ನಡುವೆಯೇ ನಿಂತರೂ ನಿಲ್ಲಬಹುದು. ಫೈಲುಗಳೆಲ್ಲ ಕೈ ಸೇರಿ, 05, ಸಿ5, ಸಿ6 ಮೂರೂ ಸೊನ್ನೆ ಇದ್ದಾಗ ಮಾತ್ರ ಓಡಿಸಿ.

9. ಅರ್ಧ ಓದುವ ಡಿಸ್ಕ್‌ಗೆ ಡಿಡಿರೆಸ್ಕ್ಯೂ
ಕಾಪಿ ಪದೇ ಪದೇ ನಿಲ್ಲುತ್ತಿದ್ದರೆ, ಲಿನಕ್ಸ್ ಬಲ್ಲವರಿಂದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಓಡಿಸಿ. ಅದು ಸುಲಭವಾಗಿ ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಹಿಡಿದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂತೆಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. ನಕಲು ಇಳಿಸುವ ಡಿಸ್ಕ್ ಹಳೆಯದರಷ್ಟೇ ದೊಡ್ಡದಿರಲಿ, ಇಲ್ಲವೇ ಇನ್ನೂ ದೊಡ್ಡದಿರಲಿ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಎರಡು ಸಲ ಓದಿ ಎಂಟರ್ ಒತ್ತಿ. ಅದಲುಬದಲಾದರೆ ಉಳಿದದ್ದೂ ಹೋಗುತ್ತದೆ. ಮುಂದಿನ ಹುಡುಕಾಟವೆಲ್ಲ ನಕಲಿನ ಮೇಲೆ ನಡೆಯಲಿ.

10. ಅನುಮಾನದ ಡಿಸ್ಕನ್ನು ನಿವೃತ್ತಿ ಮಾಡಿ, ಬ್ಯಾಕಪ್ ಶುರುಮಾಡಿ
ಫಾರ್ಮ್ಯಾಟ್ ಮಾಡಿದ ಮೇಲೆ ಚೆನ್ನಾಗಿ ನಡೆಯುತ್ತಿದೆ ಎಂದು ಅದೇ ಡಿಸ್ಕ್‌ಗೆ ಫೋಟೋ ತುಂಬಬೇಡಿ. ವಾರಂಟಿ ಇದ್ದರೆ ಬಿಲ್ ಹುಡುಕಿ. ಆದರೆ ವಾರಂಟಿಯಲ್ಲಿ ಬರುವುದು ಬೇರೆ ಡಿಸ್ಕ್, ನಿಮ್ಮ ಡೇಟಾ ಅಲ್ಲ. ಕಳಿಸುವ ಮುನ್ನ ಖಾಸಗಿ ಫೈಲುಗಳನ್ನು ಅಳಿಸಿಬಿಡಿ. ಹೊಸ ಡಿಸ್ಕ್ ಬಂದ ಮೇಲೆ ಲೆಕ್ಕ ಸರಳ: ಮುಖ್ಯ ಫೈಲಿಗೆ 3 ಪ್ರತಿ, 2 ಬಗೆಯ ಸಾಧನದಲ್ಲಿ, 1 ಮನೆಯಿಂದ ಹೊರಗೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕಂಪ್ಯೂಟರ್ ಒರೆಸಿ ಕುಂಕುಮ ಇಡುತ್ತೀರಲ್ಲ, ಅಂದೇ ಬ್ಯಾಕಪ್ಪಿನಿಂದ ಒಂದೆರಡು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸರದಿ ನಿಮಗೆ ಬಾರದಿರಲಿ. ಡಿಸ್ಕ್ ಚೆನ್ನಾಗಿ ಓಡುತ್ತಿದ್ದರೂ ಸರಿಯೇ, ಒಂದು ಕಾಪಿ ಇವತ್ತೇ ತೆಗೆದಿಡಿ.