ಹೃದ್ರೋಗದ ಕೂಸಿಗೆ ಥೈರಾಯ್ಡ್ ಪರೀಕ್ಷೆ ಏಕೆ?

ಬಸವಕಲ್ಯಾಣ, ಹುಮನಾಬಾದ್ ಕಡೆಯವರು ಹೃದಯದಲ್ಲಿ ರಂಧ್ರವಿರುವ ಕೂಸನ್ನು ಕಲಬುರಗಿಗೋ ಹೈದರಾಬಾದಿಗೋ ಒಯ್ದು ಚಿಕಿತ್ಸೆ ಮಾಡಿಸಿ ತರುತ್ತಾರೆ. ಆಮೇಲೆ ಥೈರಾಯ್ಡ್ ಗ್ರಂಥಿಯ ಕಡೆಗೂ ಗಮನವಿರಬೇಕು.

ಆಂಜಿಯೋಗ್ರಾಂ, ಸಿ.ಟಿ. ಮಾಡುವಾಗ ರಕ್ತನಾಳಕ್ಕೆ ಕೊಡುವ 'ಡೈ'ಯಲ್ಲಿ ಅಯೋಡಿನ್ ಹೇರಳವಾಗಿರುತ್ತದೆ. ಶಸ್ತ್ರಕ್ರಿಯೆಗೆ ಮುನ್ನ ಎದೆಗೆ ಬಳಿಯುವ ಕಂದು ಔಷಧಿಯಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. ಎಳೆಯ ಚರ್ಮ ಅದನ್ನು ಬೇಗ ಹೀರಿಕೊಳ್ಳುತ್ತದೆ. ಅಯೋಡಿನ್ ಕಡಿಮೆಯಾದರೆ ಕೆಡುಕೆಂಬುದು ನಿಮಗೆ ಗೊತ್ತು. ಒಮ್ಮೆಲೇ ಅತಿಯಾದರೂ ಗ್ರಂಥಿ ಹಾರ್ಮೋನ್ ತಯಾರಿಕೆಯನ್ನು ತಗ್ಗಿಸುತ್ತದೆ. ದೊಡ್ಡವರಲ್ಲಿ ಬೇಗ ಸರಿಹೋಗುತ್ತದೆ. ನವಜಾತ ಶಿಶುಗಳಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದವರಲ್ಲಿ ಹಾಗೂ ಹೃದ್ರೋಗಿಗಳಲ್ಲಿ ತಡವಾಗಬಹುದು. ಅದು ಮಿದುಳು ಬೆಳೆಯುವ ಕಾಲ.

ಲಕ್ಷಣಗಳು ಕಾಣದೆಯೂ ಇರಬಹುದು. ಮಂಕು, ಮಲಬದ್ಧತೆ ಕಂಡರೂ 'ಹೃದಯದ ಕಾಯಿಲೆಯಲ್ಲವೇ' ಎಂದು ಬಿಟ್ಟುಬಿಡುತ್ತೇವೆ! ಆದ್ದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ, 3 ವರ್ಷದವರೆಗಿನ ಮಕ್ಕಳಿಗೆ ಡೈ ಕೊಟ್ಟ 3 ವಾರದೊಳಗೆ ಥೈರಾಯ್ಡ್ ತಪಾಸಣೆಯಾಗುವುದು ಒಳ್ಳೆಯದೆಂದು ಸೂಚಿಸಿತು.

ಹಾಗೆಂದು ಹೃದಯಕ್ಕೆ ಅಗತ್ಯವಾದ ಪರೀಕ್ಷೆಯನ್ನು ಬೇಡವೆನ್ನಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಡೈ ಕೊಟ್ಟ ದಿನಾಂಕ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ನಿಮ್ಮ ವೈದ್ಯರಿಗೆ ತೋರಿಸಿ, ಟಿ.ಎಸ್.ಎಚ್. ಪರೀಕ್ಷೆಯ ಬಗ್ಗೆ ಕೇಳಿ. ತುಸು ರಕ್ತ ಸಾಕು. ದೋಷ ಬಹುಮಟ್ಟಿಗೆ ತಾತ್ಕಾಲಿಕ; ಅಗತ್ಯವಿದ್ದರೆ ಕೆಲಕಾಲ ಥೈರಾಕ್ಸಿನ್ ಮಾತ್ರೆ ಕೊಡುತ್ತಾರೆ. ಇದನ್ನೋದಿ ಮನೆಯಲ್ಲಿ ಅಯೋಡಿನ್ ಉಪ್ಪು ನಿಲ್ಲಿಸಬೇಡಿ. ಅದರಲ್ಲಿರುವುದು ಅತ್ಯಲ್ಪ, ಮತ್ತು ಅದು ಬೇಕೇಬೇಕು.