ಮರಳಿನ ಮೇಲಿನ ಊರು: ಕೋಡಿ, ಬೆಂಗ್ರೆ, ಪಡುಕರೆಗಳ ಪರಿಭಾಷೆ ಮತ್ತು ‘ಮರಳಿ ಮಣ್ಣಿಗೆ’

1. ಪ್ರವೇಶ

ಕರಾವಳಿ ಕರ್ನಾಟಕದ ಹಲವು ನದಿಗಳು ಕಡಲನ್ನು ನೇರವಾಗಿ ಸೇರುವುದಿಲ್ಲ. ಘಟ್ಟದಿಂದ ಇಳಿದು ಪಡುವಣಕ್ಕೆ ಹರಿದುಬಂದ ಹೊಳೆ, ಕಡಲಿನ ಮೊರೆತ ಕೇಳಿಸುವಷ್ಟು ಹತ್ತಿರ ಬಂದ ಮೇಲೆ ಉತ್ತರಕ್ಕೋ ದಕ್ಷಿಣಕ್ಕೋ ಹೊರಳಿ, ತೀರಕ್ಕೆ ಸಮಾನಾಂತರವಾಗಿ ಸಾಗಿ, ಅನಂತರ ಅಳಿವೆಯನ್ನು ಕಂಡುಕೊಳ್ಳುತ್ತದೆ. ಹೀಗೆ ಹೊರಳಿದ ಹೊಳೆಗೂ ಕಡಲಿಗೂ ನಡುವೆ ಉಳಿಯುವುದು ಮರಳಿನ ಒಂದು ಕಿರಿದಾದ ಪಟ್ಟಿ. ಮಂಗಳೂರಿನಲ್ಲಿ ಫಲ್ಗುಣಿ ನದಿಗೆ ಪಡುವಲ್ಲಿರುವ ಬೆಂಗ್ರೆ, ಉದ್ಯಾವರ ಹೊಳೆಗೆ ಪಡುವಲ್ಲಿರುವ ಮಲ್ಪೆ ಪಡುಕರೆ, ಸುವರ್ಣಾ ನದಿಯ ಅಂಚಿನ ಕೋಡಿ ಬೆಂಗ್ರೆ, ಸೌಪರ್ಣಿಕಾ ನದಿಗೂ ಕಡಲಿಗೂ ನಡುವಿನ ಮರವಂತೆ, ಇವೆಲ್ಲ ಇಂತಹ ಪಟ್ಟಿಯ ಮೇಲೆ ನಿಂತ ವಸತಿಗಳು.

ಈ ವಸತಿಗಳ ಹೆಸರುಗಳಲ್ಲಿ ಅಡಗಿರುವ ನೆಲದ ತಿಳಿವಳಿಕೆ ಯಾವುದು, ಆ ತಿಳಿವಳಿಕೆ ಕನ್ನಡದ ಒಂದು ಪ್ರಮುಖ ಕಾದಂಬರಿಯ ಓದಿಗೆ ಏನನ್ನು ಕೊಡುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕೋಡಿಯೆಂಬ ಊರಿನಲ್ಲಿ ನಡೆಯುವ ಕಥೆ. ವಿಮರ್ಶೆಯು ಸಾಮಾನ್ಯವಾಗಿ ಅದನ್ನು ಮಣ್ಣಿನ ಕಾದಂಬರಿಯೆಂದು ಓದಿದೆ. ಆದರೆ ಕೋಡಿಯ ನೆಲ ಮೂಲತಃ ಮರಳು. ಈ ಸರಳ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಿದರೆ ಕಾದಂಬರಿಯೂ ಊರೂ ಬೇರೆ ಬೆಳಕಿನಲ್ಲಿ ಕಾಣಿಸುತ್ತವೆ ಎಂಬುದು ಇಲ್ಲಿನ ಪ್ರಮೇಯ.

2. ಭೂರೂಪದ ಸ್ವಭಾವ

ಮರಳಪಟ್ಟಿ ಒಂದು ಸ್ಥಿರ ವಸ್ತುವಲ್ಲ, ಅದೊಂದು ನಿರಂತರ ಕ್ರಿಯೆ. ನದಿಗಳು ಹೊತ್ತುತಂದ ಮರಳನ್ನು ಅಲೆಗಳು ತೀರದುದ್ದಕ್ಕೂ ಸಾಗಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಎತ್ತರದ ಅಲೆಗಳು ದಂಡೆಯ ಮರಳನ್ನು ಕೊರೆದು ಕಡಲಿನೊಳಕ್ಕೆ ಒಯ್ಯುತ್ತವೆ. ಮಳೆ ನಿಂತ ಬಳಿಕ ಮೆಲುವಾದ ಅಲೆಗಳು ಆ ಮರಳಿನ ಬಹುಭಾಗವನ್ನು ತಂದು ದಂಡೆಗೆ ಒಪ್ಪಿಸುತ್ತವೆ. ನೆರೆಯ ರಭಸ ಇರುವವರೆಗೆ ಅಳಿವೆಯ ಬಾಯಿ ಅಗಲವಾಗಿರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಂತೆ ಮರಳು ತುಂಬಿ ಅದು ಕಿರಿದಾಗುತ್ತದೆ. ಆದುದರಿಂದ ಪಟ್ಟಿಯ ತುದಿ ವರ್ಷದಿಂದ ವರ್ಷಕ್ಕೆ ಬೆಳೆಯುವುದೂ ಮೊಟಕಾಗುವುದೂ ಸಹಜ.

ಇಂತಹ ನೆಲದಲ್ಲಿ ಜನವಸತಿ ಸಾಧ್ಯವಾಗುವುದು ಮಳೆಯ ನೀರಿನಿಂದ. ಮರಳಿನಲ್ಲಿ ಇಂಗಿದ ಸಿಹಿನೀರು, ಅಡಿಯಲ್ಲಿರುವ ಉಪ್ಪುನೀರಿಗಿಂತ ಹಗುರವಾದುದರಿಂದ, ಅದರ ಮೇಲೆ ತೇಲುವ ಒಂದು ಪದರವಾಗಿ ನಿಲ್ಲುತ್ತದೆ. ಎರಡೂ ಕಡೆ ಉಪ್ಪುನೀರಿದ್ದರೂ ನಡುವಿನ ಆಳವಿಲ್ಲದ ಬಾವಿಯಲ್ಲಿ ಕುಡಿಯುವ ನೀರು ದೊರೆಯುವುದು ಇದರಿಂದಲೇ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರದಲ್ಲಿ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿಯಷ್ಟು ಸಿಹಿನೀರಿನ ಆಸರೆ ಇರುತ್ತದೆ ಎಂಬುದು ಭೂಜಲಶಾಸ್ತ್ರದ ಸ್ಥೂಲ ಲೆಕ್ಕ. ಮಿತಿಮೀರಿ ನೀರೆತ್ತಿದಾಗ ಈ ಲೆಕ್ಕವೇ ತಿರುಗಿ ಬೀಳುತ್ತದೆ. ಮೇಲಿನ ಮಟ್ಟ ಸ್ವಲ್ಪ ಇಳಿದರೂ ಅಡಿಯಿಂದ ಉಪ್ಪು ಬಹಳ ಮೇಲೇರುತ್ತದೆ. ಒಟ್ಟಿನಲ್ಲಿ ಕಡಲು, ಹೊಳೆ, ಮಳೆ ಈ ಮೂರರ ನಡುವಿನ ಒಪ್ಪಂದದ ಮೇಲೆ ಇಲ್ಲಿನ ಬದುಕು ನಿಂತಿದೆ.

3. ಹೆಸರುಗಳ ಸಾಕ್ಷ್ಯ

ಈ ಅಸ್ಥಿರತೆಯನ್ನು ಕರಾವಳಿಯ ನುಡಿಗಳು ಎಂದೋ ಗುರುತಿಸಿವೆ. ಮೊದಲನೆಯದಾಗಿ ‘ಕೋಡಿ’ ಎಂಬ ಪದವನ್ನು ನೋಡಬಹುದು. ಒಳನಾಡಿನ ಕನ್ನಡದಲ್ಲಿ ಕೋಡಿಯೆಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಸ್ಥಳ. ‘ಕೆರೆ ಕೋಡಿ ಬಿತ್ತು’ ಎಂಬುದು ಸಮೃದ್ಧಿಯ ಮಾತು. ಕರಾವಳಿಯಲ್ಲಿ ಅದು ನೆಲದ ತುದಿ. ತಮಿಳಿನಲ್ಲಿಯೂ ಈ ಪದಕ್ಕೆ ತುದಿ, ಕೊನೆ ಎಂಬ ಅರ್ಥವಿದೆ. ಎರಡು ಅರ್ಥಗಳು ದೂರದವೆಂದು ಮೇಲ್ನೋಟಕ್ಕೆ ತೋರಿದರೂ ಅಳಿವೆಯ ಬಳಿಯ ಕೋಡಿಗಳಲ್ಲಿ ಅವು ಒಂದಾಗುತ್ತವೆ: ನೆಲ ಮುಗಿಯುವ ತಾಣವೇ ಒಳನಾಡಿನ ನೀರು ಹೊರಬೀಳುವ ತಾಣ. ಕುಂದಾಪುರದ ಕೋಡಿ, ಕೋಟದ ಕಡೆಯ ಕೋಡಿ ಕನ್ಯಾಣ, ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವಲ್ಲಿನ ಕೋಡಿ ಬೆಂಗ್ರೆ ಇದಕ್ಕೆ ನಿದರ್ಶನಗಳು.

‘ಬೆಂಗ್ರೆ’ ಅಥವಾ ‘ಬೆಂಗರೆ’ ಹೊಳೆಗೂ ಕಡಲಿಗೂ ನಡುವಿನ ಮರಳುಭೂಮಿಯನ್ನು ಸೂಚಿಸುವ ಪದ. ಉತ್ತರಪದ ‘ಕರೆ’, ಅಂದರೆ ದಡ. ಪೂರ್ವಪದವನ್ನು ‘ಬೆಂಗಾಡು’ ಶಬ್ದದ ಸಾದೃಶ್ಯದಿಂದ ಬೆಂದ, ಕಾದ ಎಂಬ ಅರ್ಥದಲ್ಲಿ ಓದಲು ಅವಕಾಶವಿದೆ. ಬಿಳುಪನ್ನು ಸೂಚಿಸುವ ‘ಬೆಳ್’ ಎಂಬುದರೊಡನೆ ಜೋಡಿಸುವುದು ಇನ್ನೊಂದು ಸಾಧ್ಯತೆ. ನಡುಹಗಲಿನಲ್ಲಿ ಬರಿಗಾಲಿನಲ್ಲಿ ಮರಳು ದಾಟುವವರಿಗೆ ಎರಡೂ ಅರ್ಥಗಳು ಒಪ್ಪಿಗೆಯಾಗುವಂಥವೇ. ‘ಪಡುಕರೆ’ಯಲ್ಲಿ ದಿಕ್ಕಿನ ಸೂಚನೆ ಸ್ಪಷ್ಟವಾಗಿದೆ, ಪಡುವಣದ ದಡವೇ ಪಡುಕರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪಟ್ಟಿಯ ಮೇಲೆ ನಿಂತವರಿಗೆ ಅದು ಪಡುವಲ್ಲ, ತಮ್ಮ ಊರು. ಹೊಳೆಯ ಮೂಡುದಡದಲ್ಲಿ ನಿಂತು ಕಂಡವರ ದೃಷ್ಟಿ ಈ ಹೆಸರಿನಲ್ಲಿ ಉಳಿದುಬಂದಿದೆ.

ಹೊಳೆ ಕಡಲಿಗೆ ಬೀಳುವ ಬಾಯಿ ‘ಅಳಿವೆ’. ಅದನ್ನು ನಾಶಾರ್ಥದ ‘ಅಳಿ’ ಧಾತುವಿನೊಡನೆ ಬೆಸೆಯುವ ಆಕರ್ಷಣೆ ಸಹಜ. ಆದರೆ ಮಲಯಾಳದಲ್ಲಿ ನದೀಮುಖವನ್ನೇ ಸೂಚಿಸುವ ‘ಅೞಿ’ ಎಂಬ ರೂಪ ಇರುವುದರಿಂದ ಈ ಪದವನ್ನು ಅದರ ಜೊತೆಗಿಟ್ಟು ನೋಡುವುದು ಹೆಚ್ಚು ಸಮಂಜಸ. ಹೊಳೆಯ ನಡುವಿನ ನಡುಗಡ್ಡೆ ‘ಕುದ್ರು’. ಹೀಗೆ ತುದಿ, ದಡ, ಬಾಯಿ, ನಡುಗಡ್ಡೆ ಎಂದು ನೀರು ನೆಲಗಳ ಸಂಬಂಧದ ಒಂದೊಂದು ಬಗೆಗೂ ಇಲ್ಲಿ ಬೇರೆ ಬೇರೆ ಹೆಸರಿದೆ.

4. ‘ಮರಳು’ ಎಂಬ ಪದ ಮತ್ತು ಕಾದಂಬರಿ

ಕನ್ನಡದಲ್ಲಿ ‘ಮರಳು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಾಮಪದಕ್ಕೆ ಹಳಗನ್ನಡದ ‘ಮಳಲ್’ ರೂಪದೊಡನೆ ಸಂಬಂಧವಿದೆ; ತಮಿಳಿನ ‘ಮಣಲ್’ ಅದರ ಜ್ಞಾತಿಪದ. ಹಿಂತಿರುಗು ಎಂಬ ಅರ್ಥದ ಕ್ರಿಯಾಪದದ ಮೂಲ ಬೇರೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇವು ಕೇವಲ ಸಮಧ್ವನಿ ಪದಗಳು. ಆದರೆ ಮರಳಪಟ್ಟಿಯ ಮಟ್ಟಿಗೆ ಈ ಆಕಸ್ಮಿಕ ಅರ್ಥಪೂರ್ಣವಾಗಿದೆ: ಮಳೆಗಾಲದಲ್ಲಿ ಹೋಗಿ ಅನಂತರ ಮರಳುವುದೇ ಇಲ್ಲಿನ ಮರಳಿನ ಧರ್ಮ. ಮರಳದ ಮರಳು ಊರನ್ನು ಉಳಿಸಲಾರದು.

1902ರಲ್ಲಿ ಕೋಟದಲ್ಲಿ ಜನಿಸಿದ ಕಾರಂತರಿಗೆ ಈ ಪರಿಸರ ಹುಟ್ಟಿನಿಂದ ಪರಿಚಿತವಾದುದು. 1940ರ ದಶಕದ ಆರಂಭದಲ್ಲಿ ಪ್ರಕಟವಾದ ‘ಮರಳಿ ಮಣ್ಣಿಗೆ’ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಸ್ವಾತಂತ್ರ್ಯ ಚಳವಳಿಯ ಕಾಲದವರೆಗೆ ಒಂದು ಮನೆತನದ ಮೂರು ತಲೆಮಾರುಗಳನ್ನು ಚಿತ್ರಿಸುತ್ತದೆ. ರಾಮ ಐತಾಳರದು ನೆಲೆಯೂರುವ ತಲೆಮಾರು. ಮಗ ಲಚ್ಚನದು ಕಳೆಯುವ ತಲೆಮಾರು. ಮೊಮ್ಮಗ ರಾಮನದು ಹೊರಗೆ ಹೋಗಿ ಹಿಂತಿರುಗುವ ತಲೆಮಾರು. ಕಡಲದಂಡೆಯ ವಾರ್ಷಿಕ ಚಕ್ರವನ್ನು, ಅಂದರೆ ಕೂಡಿಕೆ, ಕೊರೆತ, ಮರುಕೂಡಿಕೆಗಳನ್ನು, ಈ ವಿನ್ಯಾಸದ ಪಕ್ಕದಲ್ಲಿಟ್ಟು ನೋಡಬಹುದು. ಕಾರಂತರು ಇದನ್ನು ಉದ್ದೇಶಪೂರ್ವಕವಾಗಿ ಹೆಣೆದರೆಂದು ಹೇಳುವ ಅಗತ್ಯವಿಲ್ಲ. ಆ ನೆಲದ ಬದುಕನ್ನು ನಿಷ್ಠೆಯಿಂದ ಬರೆದ ಕೃತಿಯಲ್ಲಿ ಆ ನೆಲದ ಲಯ ಸೇರಿಕೊಂಡಿತು ಎಂದರೆ ಸಾಕು.

ಕೃತಿಯಲ್ಲಿ ಈ ಲಯವನ್ನು ಹೊತ್ತವರು ಮುಖ್ಯವಾಗಿ ಹೆಂಗಸರು. ಪಾರ್ವತಿ ಮತ್ತು ಐತಾಳರ ವಿಧವೆ ತಂಗಿ ಸರಸ್ವತಿ ಗದ್ದೆಯಲ್ಲಿ ದುಡಿಯುತ್ತಾರೆ. ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿದು ಮನೆಗೆ ತರುತ್ತಾರೆ. ಮಳೆಗಾಲದ ಹೊಳೆ ಅವರಿಗೆ ಭಯದ ವಿಷಯವಾಗಿರುವಂತೆಯೇ ಉರುವಲಿನ ಮೂಲವೂ ಆಗಿದೆ. ನೀರು ಕೊಂಡೊಯ್ಯುವುದನ್ನೂ ನೀರು ತಂದುಕೊಡುವುದನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುವ ಈ ವಿವೇಕ ಮುಂದೆ ನಾಗವೇಣಿಯಲ್ಲಿ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಗಂಡ ಕಳೆದುದರ ನಡುವೆ ಉಳಿದುದನ್ನು ಹಿಡಿದುಕೊಂಡು ಮಗನನ್ನು ಬೆಳೆಸುವವಳು ಆಕೆ. ಇದಕ್ಕೆ ಎದುರಾಗಿ ಶೀನ ಮಯ್ಯನ ಕುಟುಂಬದ ಬೆಂಗಳೂರಿನ ಹೋಟೆಲು ನಿಲ್ಲುತ್ತದೆ. ಕಿರಿದಾದ ನೆಲ ಹೆಚ್ಚು ಜನರನ್ನು ಸಾಕಲಾರದು. ಕರಾವಳಿಯ ವಲಸೆಗೆ ಇದೂ ಒಂದು ಕಾರಣವೆಂಬುದನ್ನು ಕಾದಂಬರಿ ವಾದಿಸದೆಯೇ ತೋರಿಸುತ್ತದೆ.

ಆದರೂ ಈ ಓದಿಗೆ ಎರಡು ಮಿತಿಗಳಿವೆ. ಒಂದು, ‘ಮರಳು’ ಎಂಬ ಶ್ಲೇಷೆ ಗ್ರಾಂಥಿಕ ಕನ್ನಡದ್ದು. ಕರಾವಳಿಯ ಆಡುಮಾತಿನಲ್ಲಿ ಮರಳಿಗೆ ‘ಹೊಯ್ಗೆ’ ಎನ್ನುತ್ತಾರೆ. ಮಂಗಳೂರಿನ ಹೊಯ್ಗೆಬಜಾರ್ ಹೆಸರಿನಲ್ಲಿ ಅದೇ ಪದವಿದೆ. ಎರಡು, ಕಾದಂಬರಿಯ ಕಣ್ಣು ಕೃಷಿಕ ಬ್ರಾಹ್ಮಣ ಮನೆತನದ್ದು. ಮರಳದಂಡೆಯನ್ನೇ ದುಡಿಮೆಯ ಅಂಗಳವಾಗಿ ಮಾಡಿಕೊಂಡ ಮೊಗವೀರ, ಖಾರ್ವಿ ಸಮುದಾಯಗಳ ಲೋಕ ಅದರ ಅಂಚಿನಲ್ಲಿ ಮಾತ್ರ ಇದೆ. ರಂಪಣಿ ಬಲೆಗೆ ಉದ್ದನೆಯ, ತಡೆಯಿಲ್ಲದ ದಂಡೆ ಬೇಕು. ಹತ್ತಾರು ಜನ ದಡದಲ್ಲಿ ನಿಂತು ಬಂಗುಡೆ, ಬೂತಾಯಿಗಳ ಹಿಂಡನ್ನು ಎಳೆಯುವ ಸಾಮೂಹಿಕ ಮೀನುಗಾರಿಕೆ ಅದು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ದೊಡ್ಡ ರಂಪಣಿಗಳು ಬಹುಮಟ್ಟಿಗೆ ಹಿಂದೆ ಸರಿದವು. ‘ಮಣ್ಣಿಗೆ’ ಮರಳುವ ಆಯ್ಕೆ ಗದ್ದೆಯುಳ್ಳವರಿಗೆ ಇತ್ತು. ದಂಡೆಯನ್ನೇ ನಂಬಿದವರು ಯಾವುದಕ್ಕೆ ಮರಳಬೇಕೆಂಬ ಪ್ರಶ್ನೆಯನ್ನು ಕಾದಂಬರಿ ಎತ್ತುವುದಿಲ್ಲ.

5. ಕಲ್ಲು, ಕಾನೂನು ಮತ್ತು ಹೊಸ ಹೆಸರು

ಆ ಪ್ರಶ್ನೆ ಈಗ ತೀವ್ರವಾಗಿದೆ. ಮರಳು ಮರಳುವ ಚಕ್ರಕ್ಕೆ ಅಡ್ಡಿ ಬಂದಾಗ ಒಂದು ಕಡೆ ಕೂಡಿಕೆಯಾಗಿ ಇನ್ನೊಂದು ಕಡೆ ಕೊರೆತವಾಗುತ್ತದೆ. ನೇತ್ರಾವತಿ ಫಲ್ಗುಣಿಗಳ ಅಳಿವೆಯಲ್ಲಿ 1990ರ ದಶಕದಲ್ಲಿ ಕಲ್ಲಿನ ತಡೆದಂಡೆಗಳು ನಿರ್ಮಾಣವಾದ ಬಳಿಕ ಉತ್ತರದ ಬೆಂಗ್ರೆಯ ಕಡೆ ಮರಳು ಕೂಡಿಕೊಂಡಿತು. ದಕ್ಷಿಣದ ಉಳ್ಳಾಲ ಕಡಲ್ಕೊರೆತಕ್ಕೆ ಹೆಸರಾಯಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಅಲ್ಲಿ ರಕ್ಷಣಾ ಕಾಮಗಾರಿ ಕೈಗೊಳ್ಳಬೇಕಾಯಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ಕರಾವಳಿಯ ಹಲವು ದಂಡೆಗಳು ಹಾನಿಗೊಳಗಾದವು. ಕಲ್ಲು ಸುರಿದು ಕಟ್ಟಿದ ಗೋಡೆ ಹಿಂದಿನ ಮನೆಯನ್ನು ಕಾಯಬಹುದು. ಆದರೆ ಮುಂದಿನ ದಂಡೆ ಸವೆಯುತ್ತದೆ, ದೋಣಿ ಎಳೆಯುವ ಜಾಗ ಇಲ್ಲವಾಗುತ್ತದೆ.

ಕಾನೂನಿನ ರೇಖೆಯೂ ಇಲ್ಲಿ ವಿಶಿಷ್ಟ ತೊಡಕನ್ನು ಉಂಟುಮಾಡುತ್ತದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತರೇಖೆಯಿಂದ 500 ಮೀಟರಿನವರೆಗಿನ ನೆಲವನ್ನು ನಿಯಂತ್ರಣಕ್ಕೆ ತಂದಿತು. ಉಬ್ಬರದ ಪ್ರಭಾವವಿರುವ ಹೊಳೆಯ ದಡಕ್ಕೆ 2011ರಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದುದು ಎಂಬ ಮಿತಿ ಇತ್ತು. 2019ರ ಅಧಿಸೂಚನೆ ಆ 100 ಮೀಟರನ್ನು 50ಕ್ಕೆ ಇಳಿಸಿತು. ಸಾಮಾನ್ಯ ತೀರದಲ್ಲಿ ರೇಖೆಯ ಆಚೆಗೆ ಊರು ಇರುತ್ತದೆ. ಕಿರಿದಾದ ಪಟ್ಟಿಯಲ್ಲಿ ಪಡುವಣದಿಂದ ಕಡಲಿನ ರೇಖೆಯೂ ಮೂಡಣದಿಂದ ಹೊಳೆಯ ರೇಖೆಯೂ ಬಂದು ಊರಿನ ನಡುವೆಯೇ ಒಂದರ ಮೇಲೊಂದು ಬೀಳುತ್ತವೆ. ‘ಆಚೆ’ ಎಂಬುದೇ ಉಳಿಯುವುದಿಲ್ಲ. ಸಾಂಪ್ರದಾಯಿಕ ಮೀನುಗಾರರ ವಸತಿಗೆ ಕೆಲವು ವಿನಾಯಿತಿಗಳಿದ್ದರೂ ಕಾಗದಪತ್ರವಿಲ್ಲದ ಹಳೆಯ ಮನೆಗೆ ಅವು ಸುಲಭವಾಗಿ ದಕ್ಕುವುದಿಲ್ಲ. ಇಂತಹ ಸಂದರ್ಭದಲ್ಲಿ ಸ್ಥಳನಾಮ, ಬಾವಿಯ ಹೆಸರು, ಬಲೆ ಎಳೆಯುವ ಜಾಗದ ಹೆಸರುಗಳು ವಸತಿಯ ಪ್ರಾಚೀನತೆಗೆ ಸಾಕ್ಷ್ಯಗಳಾಗುತ್ತವೆ.

ಆ ಹೆಸರುಗಳೇ ಈಗ ಬದಲಾಗುತ್ತಿವೆ. ಕೋಡಿ ಬೆಂಗ್ರೆಯ ತುದಿ ಪ್ರವಾಸಿಗರಿಗೆ ‘ಡೆಲ್ಟಾ ಬೀಚ್’ ಎಂದು ಪರಿಚಿತವಾಗಿದೆ. ಪಶ್ಚಿಮ ಕರಾವಳಿಯ ನದಿಗಳು ಅಳಿವೆಗಳನ್ನು ರಚಿಸುತ್ತವೆಯೇ ಹೊರತು ಪೂರ್ವ ಕರಾವಳಿಯ ಕೃಷ್ಣಾ, ಗೋದಾವರಿಗಳಂತೆ ವಿಶಾಲವಾದ ಮುಖಜಭೂಮಿಯನ್ನಲ್ಲ. ಹೊಸ ಹೆಸರು ಭೂಗೋಳದ ದೃಷ್ಟಿಯಿಂದ ತಪ್ಪು. ಹಳೆಯ ಹೆಸರು ಸರಿ.

ತುದಿಯೆಂಬ ಎಚ್ಚರವನ್ನು ಮರೆತರೆ ಆಗುವ ಪರಿಣಾಮಕ್ಕೆ ರಾಮೇಶ್ವರ ದ್ವೀಪದ ಧನುಷ್ಕೋಡಿ ನಿದರ್ಶನ. ಬಿಲ್ಲಿನ ತುದಿ ಎಂಬ ಸಂಸ್ಕೃತದ ‘ಕೋಟಿ’ಯೂ ದ್ರಾವಿಡದ ‘ಕೋಡಿ’ಯೂ ಆ ಹೆಸರಿನಲ್ಲಿ ಒಟ್ಟಿಗೆ ಕೇಳಿಸುತ್ತವೆ. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಸಿಲೋನಿನ ತಲೈಮನ್ನಾರಿಗೆ ಹೋಗುವ ಹಡಗಿನ ನಿಲ್ದಾಣವಾಗಿ ಆ ಮರಳಪಟ್ಟಿಯ ಮೇಲೆ ಒಂದು ಪಟ್ಟಣ ಬೆಳೆಯಿತು. 1964ರ ಡಿಸೆಂಬರ್ 22, 23ರ ನಡುರಾತ್ರಿಯ ಚಂಡಮಾರುತದಲ್ಲಿ ಪ್ರಯಾಣಿಕರ ರೈಲಿನೊಡನೆ ಪಟ್ಟಣವೂ ಕೊಚ್ಚಿಹೋಯಿತು. ಸರ್ಕಾರ ಅದನ್ನು ವಾಸಕ್ಕೆ ಅಯೋಗ್ಯವೆಂದು ಘೋಷಿಸಿತು. ಅನಂತರವೂ ಅಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದವರು ಮೀನುಗಾರರು.

6. ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ ಕೋಡಿ, ಬೆಂಗ್ರೆ, ಪಡುಕರೆಗಳು ಕೇವಲ ಗುರುತಿನ ಹೆಸರುಗಳಲ್ಲ; ನೆಲದ ನಡತೆಯನ್ನು ಕುರಿತ ವಿವರಣೆಗಳು. ‘ಮರಳಿ ಮಣ್ಣಿಗೆ’ಯನ್ನು ಈ ವಿವರಣೆಗಳ ಹಿನ್ನೆಲೆಯಲ್ಲಿ ಓದಿದಾಗ, ಅದು ಶಾಶ್ವತವಾದ ಮಣ್ಣಿಗೆ ಹಿಂತಿರುಗುವ ಸಮಾಧಾನದ ಕಥೆಯಾಗಿ ಉಳಿಯದೆ, ಸವೆಯುವ ನೆಲದ ಮೇಲೆ ಮತ್ತೆ ಮತ್ತೆ ಬದುಕು ಕಟ್ಟುವ ಶ್ರಮದ ಕಥೆಯಾಗಿ ಕಾಣಿಸುತ್ತದೆ. 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಉಡುಪಿಯ ತುಳು ನಿಘಂಟು ಕ್ಷೇತ್ರಕಾರ್ಯದಿಂದ ಎಂತಹ ಪದಸಂಪತ್ತನ್ನು ಉಳಿಸಬಹುದೆಂಬುದಕ್ಕೆ ಮಾದರಿಯಾಗಿದೆ. ಅದೇ ಕ್ರಮದಲ್ಲಿ ಕುಂದಾಪುರ ಕನ್ನಡದ ದಂಡೆಯ ಪದಗಳನ್ನು, ವಿಶೇಷವಾಗಿ ಮೀನು ಮಾರುವ ಹೆಂಗಸರ ಮತ್ತು ಬಲೆ ಎಳೆದ ಹಿರಿಯರ ಬಾಯಿಂದ, ಊರು ಊರಾಗಿ ಸಂಗ್ರಹಿಸುವ ಕೆಲಸ ಆಗಬೇಕಾಗಿದೆ. ಕಾದಂಬರಿಯ ಅಂಚಿನಲ್ಲಿ ಉಳಿದವರ ಮಾತು ದಾಖಲಾಗುವುದು ಆಗಲೇ. ರಂಪಣಿಯನ್ನು ಎಳೆದು ಬಲ್ಲವರ ತಲೆಮಾರು ಇರುವಾಗಲೇ ಈ ಕಾರ್ಯ ನಡೆಯುವುದು ಅವಶ್ಯ.