ತಾರಸಿಯಿಂದ ಧ್ರುವ, ತಾರಸಿಯಿಂದಲೇ ತ್ರಿಶಂಕು

ಬೇಸಿಗೆ ರಜೆಗೆ ಮಕ್ಕಳು ಟೆಲಿಸ್ಕೋಪ್ ಕೇಳುತ್ತಿದ್ದರೆ ಸದ್ಯಕ್ಕೆ ಮುಂದೆ ಹಾಕಿ. ಮೇ ತಿಂಗಳ ನಡುವೆ ರಾತ್ರಿ 9ಕ್ಕೆ, ಏಪ್ರಿಲ್ ಕೊನೆಯಾದರೆ 10ಕ್ಕೆ, ಉತ್ತರದಿಂದ ದಕ್ಷಿಣದವರೆಗೆ ಇಡೀ ಆಕಾಶವನ್ನು ಬರಿಗಣ್ಣಲ್ಲೇ ಸುತ್ತಬಹುದು. ಒಂದು ಚಾಪೆ ಸಾಕು.

ಅಮಾವಾಸ್ಯೆಯ ಆಸುಪಾಸಿನ ದಿನ ನೋಡಿಕೊಳ್ಳಿ. ಸಂಜೆ ಗುಡುಗು ಮಳೆ ಬಂತೆಂದು ಬೇಸರ ಬೇಡ. ಆಮೇಲೆ ಮೋಡ ಸರಿದರೆ ದೂಳು ತೊಳೆದ ಆಕಾಶ ಸಿಗುತ್ತದೆ. ದೀಪ ಆರಿಸಿ 20–30 ನಿಮಿಷ ಸುಮ್ಮನೆ ಕೂರಬೇಕು, ಕಣ್ಣು ಕತ್ತಲಿಗೆ ಒಗ್ಗಲು ಅಷ್ಟು ಹೊತ್ತು ಬೇಕು. ಮೊಬೈಲ್ ಮುಟ್ಟುವಂತಿಲ್ಲ. ಹದಿಹರೆಯದವರಿಗೆ ನಿಜವಾದ ಕಷ್ಟ ಇದೇ! ಟಾರ್ಚ್ ಬೇಕೇ ಬೇಕೆಂದರೆ ಕೆಂಪು ಕಾಗದ ಸುತ್ತಿ.

ಈಗ ಉತ್ತರಕ್ಕೆ ತಿರುಗಿ. ಹೆಚ್ಚುಕಡಿಮೆ ಅರ್ಧ ಆಕಾಶದೆತ್ತರಕ್ಕೆ ಸಪ್ತರ್ಷಿ ಮಂಡಲ, ಬೋರಲು ಹಿಡಿದ ಸೌಟಿನಂತೆ. ಎಡತುದಿಯಲ್ಲಿ ಮೇಲಿನದು ಪುಲಹ, ಕೆಳಗಿನದು ಕ್ರತು. ಅವೆರಡನ್ನು ಸೇರಿಸುವ ಗೆರೆಯನ್ನು, ಅದರ ಐದರಷ್ಟು ಉದ್ದ ಕೆಳಕ್ಕೆ ಎಳೆದರೆ ಧ್ರುವ ಸಿಗುತ್ತಾನೆ. ಅಷ್ಟೇನೂ ಪ್ರಕಾಶವಿಲ್ಲ, ಮೋಸ ಹೋದೆವೆಂದುಕೊಳ್ಳಬೇಡಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಧ್ರುವನವರೆಗೆ ಎಷ್ಟು ಮುಷ್ಟಿ ಎಂದು ಮಕ್ಕಳಿಂದ ಎಣಿಸಿ: ಬಂದ ಉತ್ತರವೇ ನಿಮ್ಮೂರಿನ ಅಕ್ಷಾಂಶ. ಬೆಂಗಳೂರಿನಲ್ಲಿ 13 ಡಿಗ್ರಿ, ಅಂದರೆ ಒಂದು ಮುಷ್ಟಿಗಿಂತ ತುಸು ಹೆಚ್ಚು. ಬೀದರ್‌ನಲ್ಲಿ 18ರ ಹತ್ತಿರ. ಬೇರೆ ಊರಿನ ಚಿಕ್ಕಪ್ಪನ ಮಕ್ಕಳೂ ಅದೇ ರಾತ್ರಿ ಅಳೆದು ಮರುದಿನ ಹೋಲಿಸಿದರೆ ಭೂಮಿ ದುಂಡಗಿರುವುದಕ್ಕೆ ಮನೆಯಲ್ಲೇ ಸಾಕ್ಷಿ ಸಿಕ್ಕಿತು. ಹಿಡಿಕೆಯ ತುದಿಯಿಂದ ಎರಡನೆಯದು ವಸಿಷ್ಠ. ಪಕ್ಕದ ಅರುಂಧತಿ ಯಾರಿಗೆ ಕಾಣುತ್ತಾಳೆ, ಪಂದ್ಯ ಕಟ್ಟಲಿ.

ಇನ್ನು ಮಲಗಿಕೊಂಡು ನೋಡುವುದೇ ಸುಖ. ಹಿಡಿಕೆಯ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ನೀಲಿ ಬೆರೆತ ಬಿಳಿಯ ಚಿತ್ತಾ. ಚಿತ್ತಾದ ಹತ್ತಿರ, ಸೊಟ್ಟ ಚೌಕದ ನಾಲ್ಕು ನಕ್ಷತ್ರಗಳೇ ಹಸ್ತ.

ಹಸ್ತದಿಂದ ನೇರ ದಕ್ಷಿಣಕ್ಕೆ ಸುಮಾರು ನಾಲ್ಕು ಮುಷ್ಟಿ ಇಳಿಯಿರಿ. ಅಲ್ಲಿ ನೆಟ್ಟಗೆ ನಿಂತಿರುವ ಪುಟ್ಟ ಶಿಲುಬೆಯೇ ತ್ರಿಶಂಕು. ದೆಹಲಿಯವರಿಗೆ ಇದು ಪೂರ್ತಿ ಕಾಣದು, ನಮಗೆ ಆ ಭಾಗ್ಯವಿದೆ. ಬಲಕ್ಕೆ ಇನ್ನೊಂದು ದೊಡ್ಡ, ಮಂಕು ಶಿಲುಬೆ ಇದೆ, ಅದು ನಕಲಿ. ಅಸಲಿಗೆ ಎಡಗಡೆ ಎರಡು ಪ್ರಖರ ನಕ್ಷತ್ರಗಳ ಕಾವಲು. ಅವುಗಳಲ್ಲಿ ದೂರದ್ದು ಆಲ್ಫಾ ಸೆಂಟಾರಿ, ಸೂರ್ಯನ ಅತಿ ಹತ್ತಿರದ ನಕ್ಷತ್ರ ಕುಟುಂಬ, 4.3 ಜ್ಯೋತಿರ್ವರ್ಷ ದೂರ. ಮಲೆನಾಡಿನಲ್ಲಿ ಗುಡ್ಡ, ತೋಟ ಅಡ್ಡ ಬಂದರೆ ದಕ್ಷಿಣ ತೆರೆದಿರುವ ಜಾಗ ಹುಡುಕಬೇಕು. ಕತ್ತಲಲ್ಲಿ ಹಾವು ಚೇಳಿನ ಎಚ್ಚರವಿರಲಿ.

ಅಷ್ಟರಲ್ಲಿ ಅಜ್ಜಿ ಬಂದು ಕೃತ್ತಿಕೆ ಎಲ್ಲಿ ಎಂದು ಕೇಳಬಹುದು. ಮಳೆ ನಕ್ಷತ್ರವೆಂದರೆ ಆಗ ಸೂರ್ಯ ಇರುವ ನಕ್ಷತ್ರ. ಹಾಗಾಗಿ ಕೃತ್ತಿಕಾ ಮಳೆಯ ದಿನಗಳಲ್ಲಿ ಕೃತ್ತಿಕೆ ಸೂರ್ಯನ ಬೆಳಕಿನಲ್ಲೇ ಮುಳುಗಿರುತ್ತದೆ. ನವೆಂಬರ್‌ನಲ್ಲಾದರೆ ರಾತ್ರಿಯಿಡೀ ತೋರಿಸಬಹುದು.